ಅಗಳಿ ತೆಗೆದ ದೊರೆ

"ಸತ್ತವರು ಯಾರೋ? ಒಬ್ಬನ ಹೆಸರು ಹೇಳು ನೋಡೂಣು! ನಮ್ಮ ಓಣಿಯೊಳಗ ಯುದ್ಧಕ್ಕ ಹೋಗಿ ಸತ್ತಾವ ಒಬ್ಬನೇ ಒಬ್ಬನ ಹೆಸರು ಹೇಳು, ನಾ ಈಗಿಂದೀಗ ಬಾಯಿ ಮುಚ್ಚಿಕೊಂಡು ಮನೀಗೆ ಹೋಗ್ತೀನಿ!"

ನಾನು ಹೀಗೆ ಕೂಗಿದ್ದು ನನ್ನ ಮೈದುನ ಮುದಕಪ್ಪನ ಮೇಲೆ. ಕಲ್ಲು ಕೆತ್ತುವ ಮೌನೇಶನ ಚಪ್ಪರದಲ್ಲಿ ನಾವು ಮೂವರೂ ನಿಂತಿದ್ದೆವು. ನಡುವೆ ನೆಲದ ಮೇಲೆ ಎದೆಯೆತ್ತರದ ಕಲ್ಲೊಂದು ಅಂಗಾತ ಮಲಗಿತ್ತು. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದು ಬಡಿದಾಡುವ ಗಂಡಸರು, ನಡುವಿನ ಪಟ್ಟಿಯಲ್ಲಿ ಸತ್ತವರ ತೋಳು ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು, ಎಲ್ಲಕ್ಕೂ ಮೇಲೆ ಸ್ವರ್ಗ. ಹೊಚ್ಚ ಹೊಸ ವೀರಗಲ್ಲು. ಹಳೆಯದಾಗಿ ಕಾಣಲೆಂದು ಒಂದು ಮೂಲೆಯನ್ನು ಬೇಕೆಂದೇ ಒಡೆದಿದ್ದರು.

"ವೈನಿ, ಸ್ವಲ್ಪ ಮೆತ್ತಗ ಮಾತಾಡ್ರಿ. ಮಂದಿ ಕೇಳತಾರ" ಅಂದ ಮುದಕಪ್ಪ.

"ಕೇಳಲಿ! ಹೆಸರು ಹೇಳು ಅಂದ್ರ ಹೇಳು."

"ಹೆಸರು ಕೆತ್ತಿಸೇವಲ್ರಿ. ಓದ್ರಿ ಬೇಕಾರ. ಸುಣ್ಣದ ಬೊಮ್ಮ, ಅಂಬಿಗರ ಚಾವ, ಕುಂಬಾರ ಗುಂಡ."

ಬೊಮ್ಮ! ನನ್ನ ತಲೆ ಭಟ್ಟಿಯಂತೆ ಕಾದುಹೋಯಿತು. ಬೊಮ್ಮ ನಮ್ಮ ಮನೆತನದ ಮೂಲಪುರುಷ. ಈ ಕಣಿವೆಯಲ್ಲಿ ಮೊದಲು ಸುಣ್ಣ ಸುಟ್ಟವನು. ಅವನು ಕಟ್ಟಿದ ಜಾಗದಲ್ಲೇ ಇವತ್ತಿಗೂ ನನ್ನ ಭಟ್ಟಿ ಉರಿಯುತ್ತದೆ.

"ಬೊಮ್ಮ ಅಂದು ಸತ್ತಿದ್ದರ ನೀ ಎಲ್ಲಿಂದ ಬಂದ್ಯೋ ಮುದಕಪ್ಪ? ಹೊಳಿಯಾಗ ತೇಲಿಕೊಂತ ಬಂದಿಯೇನು?"

"ಲಗ್ನ ಆಗಿ ಮಕ್ಕಳಾದ ಮ್ಯಾಲೆ ಸತ್ತ ಅಂತ ಅನ್ನೂಣು. ಅದಕ್ಕೇನು ತ್ರಾಸು?"

ಮೌನೇಶ ಉಳಿ ಕೆಳಗಿಟ್ಟು ಬೀಡಿ ಹಚ್ಚಿದ. "ಅಕ್ಕಾರ, ನನಗ ಹೆಸರು ಕೊಟ್ಟರ ಕೆತ್ತತೀನಿ. ಸತ್ತಾನೋ ಬದುಕ್ಯಾನೋ ಅಂತ ಉಳಿ ಕೇಳೂದಿಲ್ಲ. ಅಂಬಿಗರ ಮನಿಯವರು ಬಂದು, ನಮ್ಮ ಚಾವಗ ಮೀಸಿ ಇನ್ನಷ್ಟು ದಪ್ಪ ಇಡು ಅಂತ ಹೇಳಿ ಹೋದ್ರು. ಇಟ್ಟೇನಿ ನೋಡ್ರಿ."

ಅಂದರೆ ಇಡೀ ಓಣಿಯೇ ಕೂಡಿಕೊಂಡಿತ್ತು. ನನಗೊಬ್ಬಳಿಗೇ ಹೇಳಿರಲಿಲ್ಲ. ಹೇಳಿದ್ದರೆ ಕಲ್ಲು ಗಾಡಿಯಿಂದ ಇಳಿಯುವ ಮೊದಲೇ ಒಡೆದು ಭಟ್ಟಿಗೆ ಹಾಕುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಊರಿನ ಸಂಗತಿ ಹೀಗಿದೆ. ಮಳೆಗಾಲ ಮುಗಿದು ಹೊಳೆ ಇಳಿಯತೊಡಗಿದರೆ ಈ ಕಣಿವೆಯನ್ನು ಹಿಂದೆ ಆಳಿದ ರಾಜರು ನೀರಿನಿಂದ ಎದ್ದು ಬರುತ್ತಾರೆ. ಓಣಿಗೊಬ್ಬ ರಾಜ. ಬಂದ ದಿನ ಒಣ ಧೋತರ, ಕಂಬಳಿ, ಬಿಸಿ ಅಂಬಲಿ ಕೊಡಬೇಕು. ರಾಜರಾದರೂ ನೆಗಡಿ ತಪ್ಪಿದ್ದಲ್ಲ. ಮುಂದಿನ ಮಳೆಗೆ ಹೊಳೆ ತುಂಬಿದಾಗ ಮತ್ತೆ ನೀರಿಗಿಳಿದು ಹೋಗುತ್ತಾರೆ. ಅಲ್ಲಿಯವರೆಗೆ ಅವರ ಊಟ, ಬಟ್ಟೆ, ಸಿಟ್ಟುಸೆಡವು ಎಲ್ಲ ಓಣಿಯವರದೇ. ಹದ್ದಿನ ಮುದ್ರೆಯ ಓಣಿಯಲ್ಲಿ ಒಬ್ಬರನ್ನೊಬ್ಬರು ಕೊಂದ ಅಪ್ಪ ಮಗ ಇಬ್ಬರೂ ಬರುತ್ತಾರೆ. ಆ ಓಣಿಗೆ ಮಾತ್ರ ಖರ್ಚು ಎರಡು ಪಟ್ಟು. ಇಡೀ ದಿನ ಕಟ್ಟೆಯ ಮೇಲೆ ಚೌಕಾಬಾರ ಆಡುತ್ತ ಕೂರುತ್ತಾರೆ, ಅಪ್ಪ ಕವಡೆ ಕದಿಯುತ್ತಾನೆ, ಮಗ ಕತ್ತಿ ಎಲ್ಲಿದೆ ಎಂದು ಕೂಗುತ್ತಾನೆ. ಮೊಸಳೆ ಮುದ್ರೆಯ ಚಕ್ರವರ್ತಿ ಸಮರಭೈರವ ಪಂಚರ ಹಿರಿಯ ಶೇಷಪ್ಪ ಯಜಮಾನರ ಮನೆಯಲ್ಲಿ ಇರುತ್ತಾನೆ. ಬಸ್ಸು ಹತ್ತಿದರೆ ಡ್ರೈವರನ ಪಕ್ಕದ ಸೀಟೇ ಆಗಬೇಕು. ರಾಜರೆಲ್ಲ ನಮ್ಮ ಮಾತು ಕಲಿತಿದ್ದಾರೆ, ಆದರೆ ಶಾಲೆಯ ಪುಸ್ತಕದ ಹಾಗೆ ಆಡುತ್ತಾರೆ. ಸಿಟ್ಟು ಬಂದಾಗ ಮಾತ್ರ ಅವರ ಕಾಲದ ಕನ್ನಡ ಹೊರಬೀಳುತ್ತದೆ, ಆಗ ಯಾರಿಗೂ ಏನೂ ತಿಳಿಯುವುದಿಲ್ಲ.

ನಮ್ಮ ಓಣಿಯ ದೊರೆ ಕುಪ್ಪರಸ. ಅವರ ಮುದ್ರೆ ಏಡಿ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಅದನ್ನು ಬಿಚ್ಚುವ ಹೊತ್ತಿಗೆ ಗಡಿ ಮುಟ್ಟುವಷ್ಟೇ ಅವರ ರಾಜ್ಯ ಇತ್ತು. ಸಮರಭೈರವನ ಸೈನ್ಯ ಕಣಿವೆಗೆ ಇಳಿದು ಬಂದಾಗ ಅವರು ಯುದ್ಧ ಮಾಡಲಿಲ್ಲ. ಕೋಟೆ ಬಾಗಿಲಿನ ಅಗಳಿಯನ್ನು ತಮ್ಮ ಕೈಯಾರೆ ತೆಗೆದರು. ಕಿರೀಟವನ್ನು ತಾಟಿನಲ್ಲಿ ಇಟ್ಟು ಕೊಟ್ಟು, ದೂರದಿಂದ ಬಂದಿದ್ದೀರಿ, ನೀರು ಕುಡಿಯಿರಿ ಅಂದರು. ಅಷ್ಟೇ. ಅವತ್ತು ಯಾರೂ ಸಾಯಲಿಲ್ಲ. ಹಾಗಾಗಿ ನಮ್ಮ ಓಣಿಯಲ್ಲಿ ಒಂದೂ ವೀರಗಲ್ಲು ಇಲ್ಲ. ಹಾಗಾಗಿಯೇ ನಾವು ಇದ್ದೇವೆ.

ಇದು ಹಾಲು ಕುಡಿಯುವ ಕೂಸಿಗೂ ತಿಳಿಯುವ ಮಾತು. ಆದರೆ ಊರಿಗೆ ತಿಳಿಯುವುದಿಲ್ಲ. ಊರು ನಮ್ಮನ್ನು ಅಗಳಿ ಓಣಿಯವರು ಎನ್ನುತ್ತದೆ, ತುಟಿ ಸೊಟ್ಟ ಮಾಡಿಕೊಂಡು. ಶಾಲೆಯಲ್ಲಿ ನಾನು ಕಲಿತ ಇತಿಹಾಸವೆಂದರೆ ಯಾರು ಯಾರನ್ನು ಕೊಂದು ಗದ್ದುಗೆ ಏರಿದರು ಎಂಬ ಪಾಠ. ಹದ್ದು, ಮೊಸಳೆ, ಹುಲಿಯುಗುರು ಎಂದು ಮಾಸ್ತರು ಹಾಡಿಸುತ್ತಿದ್ದರು. ಏಡಿ ಎಲ್ರೀ ಸರ ಎಂದು ಕೇಳಿದ್ದಕ್ಕೆ ಅಂಗೈ ಮೇಲೆ ಛಡಿ ಬಿತ್ತು. ಆ ಉರಿ ನನಗೆ ಇನ್ನೂ ನೆನಪಿದೆ.

ಮುದಕಪ್ಪನ ಮಗಳು ಬಾಳವ್ವನನ್ನು ನೋಡಲು ಮೊಸಳೆ ಓಣಿಯವರು ಬಂದಿದ್ದರು. ಹುಡುಗ ಒಳ್ಳೆಯವನು, ಹುಡುಗಿಯ ಕಡೆಗೇ ಕಣ್ಣು. ಹುಡುಗನ ತಾಯಿ ಅವಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತ, "ನಿಮ್ಮ ಓಣಿಯೊಳಗ ಸತ್ತಾವರು ಯಾರ್ಯಾರು ಅದಾರ?" ಎಂದು ಕೇಳಿದಳು. ಮುದಕಪ್ಪ ನೆಲ ನೋಡಿದ. ಆಕೆ ತಾಟು ಸರಿಸಿ ಎದ್ದಳು. ಅವತ್ತಿನಿಂದ ಅವನ ತಲೆಯಲ್ಲಿ ಕಲ್ಲು ಕುಳಿತಿತ್ತು.

ಅದರ ಮೇಲೆ ಈ ವರ್ಷ ಇನ್ನೊಂದು ಬಂತು. ಬಸ್‌ಸ್ಟ್ಯಾಂಡಿಗೆ ಪಾಯ ತೋಡುವಾಗ ನೆಲದೊಳಗಿಂದ ರಾಶಿ ರಾಶಿ ವೀರಗಲ್ಲು ಎದ್ದವು. ಯಾವುದೋ ಮರೆತುಹೋದ ರಾಜವಂಶದ್ದು, ಜೋಡಿ ಕೊಡಲಿ ಮುದ್ರೆ. ಕಲ್ಲು ಎದ್ದ ಮೇಲೆ ಹೊಳೆಯಿಂದ ಅವರ ರಾಜನೂ ಎದ್ದು ಬಂದ. ಅವನಿಗೆ ಓಣಿ ಇಲ್ಲ. ಅದಕ್ಕೇ ಪಂಚರು ಕೂಡಿ ಹೊಸ ನಿಯಮ ಮಾಡಿದರು: ವೀರಗಲ್ಲು ಇಲ್ಲದ ರಾಜನ ಹೆಸರನ್ನು ಈ ಸಲ ಕರೆಯುವುದಿಲ್ಲ. ಅವನ ಓಣಿ ಹೊಸಬನಿಗೆ.

ಹೆಸರು ಕರೆಯುವುದು ಎಂದರೆ ನಮ್ಮ ಊರಲ್ಲಿ ಸಣ್ಣ ಮಾತಲ್ಲ. ಹೊಳೆ ಇಳಿದು ಸ್ನಾನಘಟ್ಟದ ಕೊನೆಯ ಮೆಟ್ಟಿಲು ಕಂಡ ದಿನ ರಾಜರೆಲ್ಲ ಅಲ್ಲಿ ಸೇರುತ್ತಾರೆ. ಕರೆಯುವವನು ಒಬ್ಬೊಬ್ಬರನ್ನೇ ಕರೆಯುತ್ತಾನೆ, ಅವರು "ಇದ್ದೇನೆ" ಎನ್ನುತ್ತಾರೆ. ಕರೆಯಿಸಿಕೊಳ್ಳದ, ಉತ್ತರ ಕೊಡದ ರಾಜನಿಗೆ ಊರಲ್ಲಿ ಅನ್ನ ಇಲ್ಲ. ಅವನನ್ನು ಹೊಳೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಗೂಗೆ ಮುದ್ರೆಯ ರಾಜನೊಬ್ಬನಿಗೆ ಹಾಗಾಗಿತ್ತಂತೆ. ತುಂಬಿದ ಹೊಳೆಯ ನಡುವೆ ನಿಂತರೂ ಧೋತರದ ಅಂಚು ಒದ್ದೆಯಾಗಲಿಲ್ಲವಂತೆ. ಆಮೇಲೆ ಅವನು ಎತ್ತ ಹೋದ ಎಂದು ಯಾರೂ ನೋಡಲಿಲ್ಲ.

ಮೌನೇಶನ ಚಪ್ಪರದಿಂದ ನಾನು ಮನೆಗೆ ಹೋಗಲಿಲ್ಲ. ಸೀದಾ ಶೇಷಪ್ಪ ಯಜಮಾನರ ಮನೆಗೆ ಹೋದೆ. ಅವರ ಪಡಸಾಲೆಯಲ್ಲಿ ಸಮರಭೈರವ ಕುರ್ಚಿಯ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಯಜಮಾನರು ಜೋಕಾಲಿಯಲ್ಲಿ ಇದ್ದರು.

"ಕಾಶವ್ವ, ಹೊರಗ ನಿಂತು ಯಾಕ ಒದರತಿ? ಒಳಗ ಬಾ."

"ಒಳಗ ಬಂದೂ ಒದರಾಕಿನ. ನಮ್ಮ ದೊರೀನ ಕರಿಯೂದಿಲ್ಲ ಅಂತ ಯಾವ ಬಾಯಿಲೆ ಹೇಳಿದ್ರಿ ಯಜಮಾನ್ರ?"

"ನಾ ಏನು ಮಾಡ್ಲಿ ತಂಗಿ? ಹೊಸ ದೊರಿಗೆ ಓಣಿ ಎಲ್ಲಿಂದ ತರಲಿ? ಆತನ ಕಲ್ಲು ಎಷ್ಟು ಸಿಕ್ಕಾವು ನೋಡೀಯಿಲ್ಲೋ? ನಿಲ್ಲಸಾಕ ಜಾಗ ಸಾಲವಲ್ದು. ಅಂಥಾವನ್ನ ಬಸ್‌ಸ್ಟ್ಯಾಂಡಿನ್ಯಾಗ ಮಲಗಸೂದೇನು? ಯಾರರ ಒಬ್ಬರು ಜಾಗಾ ಬಿಡಬೇಕು. ಕಲ್ಲಿಲ್ಲದಾವ ಬಿಡಬೇಕು. ನ್ಯಾಯ ಐತಿಲ್ಲೋ?"

"ಹೆಚ್ಚು ಮಂದೀನ ಸಾಯಿಸಿದಾವ ದೊಡ್ಡಾವ ಅನ್ನೂದು ಯಾವ ನ್ಯಾಯ್ರಿ? ಹಂಗಿದ್ದರ ಪ್ಲೇಗಿಗೂ ಒಂದು ಓಣಿ ಕೊಡ್ರಿ!"

"ಈಗ ನೀ ಸಿಟ್ಟಾಗೂದ್ಯಾಕ? ನಿಮ್ಮ ಓಣಿಯವರು ಕಲ್ಲು ತೋರಸ್ತೀವಿ ಅಂದಾರಲ್ಲ. ಹೊಲದಾಗ ಸಿಕ್ಕೈತಂತ. ಸಿಕ್ಕಿದ್ದರ ಛಲೋ ಆತು. ಆ ಹೊಸಬಗ ಬ್ಯಾರೆ ಏನರ ಹಾದಿ ನೋಡೂಣು." ಹೀಗೆ ಹೇಳುವಾಗ ಯಜಮಾನರು ನನ್ನ ಕಣ್ಣು ತಪ್ಪಿಸಿದರು. ಕಲ್ಲು ಎಲ್ಲಿ ಸಿಕ್ಕಿದ್ದು ಎಂದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ನಾನು ಚಕ್ರವರ್ತಿಯ ಕಡೆ ತಿರುಗಿದೆ. ಅವನಾದರೂ ಅಲ್ಲಿದ್ದವನು, ಕಣ್ಣಾರೆ ಕಂಡವನು. "ಮಹಾರಾಜ್ರ, ನೀವರ ಹೇಳ್ರಿ. ಏಡಿ ಮುದ್ರಿ ಕುಪ್ಪರಸ ದೊರಿಗಳು ನಿಮ್ಮ ಮ್ಯಾಲೆ ಯುದ್ಧಕ್ಕ ಬಂದಿದ್ರೇನು?"

ಅವನು ಅರ್ಧ ಮುಖದ ಸೋಪಿನ ನೊರೆಯಲ್ಲೇ ಯೋಚಿಸಿದ. "ಕುಪ್ಪರಸ... ಏಡಿಯೇ? ಯುದ್ಧ ಆಗಿಯೇ ಇರಬೇಕು. ನಾವು ಹೋದ ಕಡೆ ಯುದ್ಧ ಆಗದೆ ಇರುತ್ತದೆಯೇ?"

"ಅವರು ಅಗಳಿ ತಗದು ನಿಮಗ ನೀರು ಕೊಟ್ರು. ನೀವು ಕುಡಿದ್ರಿ. ನೆನಪಿಲ್ಲೇನ್ರಿ?"

"ನೀರೇ? ನಮಗೆ ನೀರು ಕೊಟ್ಟವರು ಬಹಳ. ಯಾರನ್ನೆಂದು ನೆನಪಿಡುವುದು?" ಎಂದು ಇನ್ನೊಂದು ಗಲ್ಲವನ್ನು ಕ್ಷೌರಿಕನಿಗೆ ಒಡ್ಡಿದ.

ಅರ್ಧ ಗಡ್ಡ ಹಾಗೇ ಬಿಟ್ಟು ಎದ್ದು ಬಾ ಎಂದು ನಾನು ಕ್ಷೌರಿಕನಿಗೆ ಹೇಳಿದೆ. ಅವನು ನನ್ನ ಮಾತು ಕೇಳಲಿಲ್ಲ. ಈ ಊರಲ್ಲಿ ಯಾರು ನನ್ನ ಮಾತು ಕೇಳಿದ್ದಾರೆ?

ಮನೆಗೆ ಬಂದಾಗ ಕುಪ್ಪರಸರು ನನ್ನ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಓಣಿಯಲ್ಲಿ ನಮ್ಮದೇ ಹಳೆಯ ಮನೆ, ಹಾಗಾಗಿ ಅವರ ವಾಸ ನಮ್ಮಲ್ಲೇ. ನನ್ನ ಗಂಡ ಇದ್ದಾಗಲೂ, ಅವನು ಹೋದ ಮೇಲೂ ಅವರು ಪ್ರತಿ ವರ್ಷ ಇಲ್ಲಿಗೇ ಬಂದಿದ್ದಾರೆ. ಕುಳ್ಳಗೆ, ಹೊಟ್ಟೆ ಸ್ವಲ್ಪ ಮುಂದೆ, ಬೆನ್ನಿಗೆ ಬಿಸಿಲು ಬಿದ್ದರೆ ಖುಷಿ. ರೊಟ್ಟಿಯ ಜೊತೆ ಪುಂಡಿಪಲ್ಯ ಇದ್ದರೆ ಬೇರೇನೂ ಕೇಳುವವರಲ್ಲ. ನಾನು ಮುಚ್ಚಿಡುವವಳಲ್ಲ. ನಿಯಮ, ಕಲ್ಲು, ಚಕ್ರವರ್ತಿಯ ಮಾತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೇಳುತ್ತ ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದು ಒಂದೇ ಸಲ, ನೀರಿನ ಮಾತು ಬಂದಾಗ.

"ನೆನಪಿಲ್ಲ ಎಂದನೇ?"

"ಹೂಂನ್ರಿ."

ರೊಟ್ಟಿಯ ತುಣುಕನ್ನು ಪಲ್ಯಕ್ಕೆ ಒತ್ತಿದರು. ಆಮೇಲೆ, "ಬೊಮ್ಮನಿಗೆ ಮೀಸೆ ಕೆತ್ತಿದ್ದಾರೆಯೇ?" ಎಂದು ಕೇಳಿದರು.

"ಎಲ್ಲಾರಿಗೂ ಕೆತ್ಯಾರ. ಒಬ್ಬೊಬ್ಬಂದು ಒಂದೊಂದು ಪೊರಕಿ ಇದ್ದಂಗದಾವು."

"ಅವನಿಗೆ ಮೀಸೆಯೇ ಬರುತ್ತಿರಲಿಲ್ಲ. ಅದೇ ಅವನ ದೊಡ್ಡ ಕೊರಗು." ನಕ್ಕರು.

ಅವರ ನಗು ನೋಡಿ ನನಗೆ ಇನ್ನೂ ಉರಿಯಿತು. "ನಿಮಗ ಸಿಟ್ಟು ಬರೂದಿಲ್ಲೇನ್ರಿ ದೊರೀ?"

"ಬರುತ್ತದೆ ಕಾಶವ್ವ. ಬಂದಾಗಲೆಲ್ಲ ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುತ್ತೇನೆ."

ಅಷ್ಟರಲ್ಲಿ ಬಾಳವ್ವ ಖಾಲಿ ಬುಟ್ಟಿ ಹಿಡಿದುಕೊಂಡು ಬಂದಳು. ಹೆಸರು ಕರೆಯುವ ದಿನಕ್ಕೆ ಊರಿನ ವೀರಗಲ್ಲುಗಳಿಗೆಲ್ಲ ಸುಣ್ಣ ಬಳಿಯುವುದು ವಾಡಿಕೆ, ಸುಣ್ಣ ನನ್ನ ಭಟ್ಟಿಯದು. ಇಡೀ ಊರಿನ ಸತ್ತವರನ್ನು ಬೆಳ್ಳಗೆ ಮಾಡಿಕೊಟ್ಟವಳು ನಾನು. ಯಾವ ಕಲ್ಲಿಗೂ ಇಲ್ಲ ಅಂದಿರಲಿಲ್ಲ.

"ದೊಡ್ಡವ್ವ, ಒಂದು ಬುಟ್ಟಿ ಸುಣ್ಣ ಕೊಡು. ನಮ್ಮ ಕಲ್ಲಿಗೆ."

"ಆ ಕಲ್ಲಿಗೆ ಚಮಚಾ ಸುಣ್ಣನೂ ಕೊಡೂದಿಲ್ಲ. ನಿಮ್ಮ ಅಪ್ಪಗ ಹೇಳು, ಬೊಮ್ಮಜ್ಜನ್ನ ಕೊಂದ ಕೈಯಿಂದ ನನ್ನ ಭಟ್ಟಿ ಮುಟ್ಟಬಾರದು ಅಂತ."

ಹುಡುಗಿಯ ಕಣ್ಣು ತುಂಬಿತು. ಆದರೆ ನಮ್ಮ ಮನೆತನದವಳಲ್ಲವೇ, ಬಾಯಿ ಸೋಲಲಿಲ್ಲ. "ನಿನಗೇನು ದೊಡ್ಡವ್ವ, ನಿನ್ನ ಲಗ್ನ ಆಗೇತಿ. ಅಗಳಿ ಓಣಿಯಾಕಿ ಅಂತ ಎದ್ದು ಹೋದ ಮಂದಿ ನಿನ್ನ ಮುಂದಿಂದ ಎದ್ದು ಹೋಗಿಲ್ಲ. ಸತ್ತಾವ ಅಂದ್ರ ಆ ಬೊಮ್ಮಜ್ಜಗ ಈಗ ಏನು ನೋಯತೈತಿ? ನನಗ ನೋಯತೈತಿ."

ನಾನು ಉತ್ತರ ಕೊಡುವ ಮೊದಲೇ ಕುಪ್ಪರಸರು ಕೈ ತೊಳೆದುಕೊಂಡು ಎದ್ದರು. ಬಾಳವ್ವನ ಕೈಯಿಂದ ಬುಟ್ಟಿ ಇಸಿದುಕೊಂಡು ಭಟ್ಟಿಯ ಹತ್ತಿರ ಹೋಗಿ, ಸಲಿಕೆಯಿಂದ ಸುಣ್ಣ ತುಂಬಿ, ತಾವೇ ಅವಳ ತಲೆಯ ಮೇಲೆ ಹೊರಿಸಿದರು. "ಕಣ್ಣಿಗೆ ಬೀಳದಂತೆ ನೋಡಿಕೊ ಮಗಳೇ" ಅಂದರು. ಅವಳು ಹೋದಳು.

ನಾನು ಕಿರುಚಿದೆ. "ಏನು ಮಾಡಿದ್ರಿ ದೊರೀ? ನೀವೂ ಆ ಸುಳ್ಳಿನ ಪಾಲಾದ್ರೇನು?"

"ಅವತ್ತು ಕಿರೀಟ ಕೊಟ್ಟೆ. ಇವತ್ತು ಸುಮ್ಮನಿದ್ದು ಒಂದು ಸುಳ್ಳು ಕೊಟ್ಟರೆ ನನ್ನದೇನು ಹೋಗುತ್ತದೆ? ಆ ಹುಡುಗಿಯ ಮದುವೆ ಆಗುತ್ತದೆ. ನನಗೂ ನಿನ್ನ ರೊಟ್ಟಿ ತಪ್ಪುವುದಿಲ್ಲ. ಇದ್ದೇನೆ ಎಂದುಬಿಡುತ್ತೇನೆ."

ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನನ್ನ ಸಿಟ್ಟಿನ ತಳದಲ್ಲಿ ಎಲ್ಲೋ ಸಮಾಧಾನವೂ ಆಯಿತು. ಅವರು ಇರುತ್ತಾರಲ್ಲ ಎಂದು. ಆ ಸಮಾಧಾನಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಸಂಜೆಯವರೆಗೂ ಭಟ್ಟಿಗೆ ಕಲ್ಲು ಎಸೆದೆ.

ಕೊನೆಯ ಮೆಟ್ಟಿಲು ಕಂಡ ದಿನ ಊರಿಗೆ ಊರೇ ಘಟ್ಟದಲ್ಲಿ ನೆರೆಯಿತು. ರಾಜರು ಮೆಟ್ಟಿಲುಗಳ ಮೇಲೆ ಕೂತರು, ಅವರವರ ಬೆನ್ನಿಗೆ ಅವರವರ ಕಲ್ಲು. ಹೆಚ್ಚು ಕಲ್ಲು ಇದ್ದವನು ಮೇಲೆ. ಸುಣ್ಣದ ಬಿಳುಪಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಪ್ರತಿ ವರ್ಷ ಕುಪ್ಪರಸರು ಎಲ್ಲರಿಗಿಂತ ಕೆಳಗೆ, ಪಾದ ನೀರಿಗೆ ತಾಗುವಂತೆ, ಬೆನ್ನಿಗೆ ಏನೂ ಇಲ್ಲದೆ ಕೂರುತ್ತಿದ್ದರು. ಈ ವರ್ಷ ಅವರ ಹಿಂದೆ ಮೌನೇಶನ ಕಲ್ಲು ಇತ್ತು. ಬಾಳವ್ವ ಚೆನ್ನಾಗಿಯೇ ಬಳಿದಿದ್ದಳು. ನಮ್ಮ ಓಣಿಯವರು ಮದುವೆಗೆ ಬಂದವರಂತೆ ಹೊಸ ಬಟ್ಟೆ ಹಾಕಿ ನಿಂತಿದ್ದರು. ಅಂಬಿಗರ ಮನೆಯವರು ಬಂದವರಿಗೆಲ್ಲ ಚಾವನ ಮೀಸೆ ತೋರಿಸುತ್ತಿದ್ದರು.

ಕರೆಯುವವನು ತಿಪ್ಪಣ್ಣ. ಅವರ ಮನೆತನದ್ದೇ ಆ ಕೆಲಸ, ಗಂಟಲು ಕಹಳೆ. ಅವನು ನಮ್ಮ ಕಲ್ಲಿನ ಹತ್ತಿರ ಬಂದಾಗ ಶೇಷಪ್ಪ ಯಜಮಾನರು ಕೈಯೆತ್ತಿದರು. "ಹೊಸಾ ಕಲ್ಲು. ಸಾಕ್ಷಿ ಕೇಳಬೇಕಾಗತೈತಿ. ಪ್ರಭುಗಳ, ಏಡಿ ಮುದ್ರಿಯವರು ನಿಮ್ಮ ಕೂಡ ಯುದ್ಧ ಮಾಡಿದ್ದು ಖರೇ ಏನ್ರಿ?"

ಸಮರಭೈರವ ಮೇಲಿನ ಮೆಟ್ಟಿಲಿನಿಂದ ಎದ್ದು ನಿಂತ. ಆ ದಿನ ಎಲ್ಲರ ಕಣ್ಣೂ ತನ್ನ ಮೇಲೆ ಎಂದು ಅವನಿಗೆ ಹುರುಪು. "ನಿಜ. ಭಯಂಕರ ಯುದ್ಧ. ಈ ಹೊಳೆ ಮೂರು ಹಗಲು ಕೆಂಪಾಗಿ ಹರಿಯಿತು."

ನಮ್ಮ ಓಣಿಯವರು ಕೇಕೆ ಹಾಕಿದರು! ತಮ್ಮ ಮುತ್ತಜ್ಜಂದಿರ ರಕ್ತದಲ್ಲಿ ಹೊಳೆ ಕೆಂಪಾಯಿತು ಎಂದರೆ ಕೇಕೆ! ಹುಡುಗನ ತಾಯಿ, ಅದೇ ಅವಲಕ್ಕಿ ತಾಟು ಸರಿಸಿ ಎದ್ದವಳು, ಬಾಳವ್ವನ ಕಡೆ ನೋಡಿ ತಲೆಯಾಡಿಸಿದ್ದನ್ನು ನಾನು ಕಂಡೆ.

ತಿಪ್ಪಣ್ಣ ಕಲ್ಲಿನ ಹೆಸರು ಓದತೊಡಗಿದ. ಒಂದೊಂದು ಹೆಸರಿಗೂ ಆ ಓಣಿಯವರು ಒಟ್ಟಿಗೆ ಉತ್ತರ ಕೊಡಬೇಕು. ಊರಿನ ಎಲ್ಲ ಓಣಿಯವರೂ ಹುಟ್ಟಿದಾಗಿನಿಂದ ಅದನ್ನು ಕೂಗಿ ಬೆಳೆದವರು. ನಮ್ಮ ಓಣಿಯವರು ಮಾತ್ರ ಒಮ್ಮೆಯೂ ಕೂಗಿರಲಿಲ್ಲ.

"ಕುಂಬಾರ ಗುಂಡ!"

"ನಮ್ಮ ಸಲುವಾಗಿ ಸತ್ತ!"

ಮೊದಲ ಸಲ ದನಿ ನಡುಗಿತು. ಮುದಕಪ್ಪನ ಕಣ್ಣಲ್ಲಿ ನೀರು.

"ಅಂಬಿಗರ ಚಾವ!"

"ನಮ್ಮ ಸಲುವಾಗಿ ಸತ್ತ!"

ಈ ಸಲ ಜೋರಾಗಿ. ಮಕ್ಕಳು ಕುಣಿಯತೊಡಗಿದವು. ನಾನು ಕುಪ್ಪರಸರನ್ನೇ ನೋಡುತ್ತಿದ್ದೆ. ಅವರು ಹೊಳೆಯ ಕಡೆ ಮುಖ ಮಾಡಿ ಕೂತಿದ್ದವರು ನಿಧಾನವಾಗಿ ನಮ್ಮ ಕಡೆ ತಿರುಗಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು, ಗುರುತು ಸಿಗದವರಂತೆ.

"ಸುಣ್ಣದ ಬೊಮ್ಮ!"

"ನಮ್ಮ ಸಲುವಾಗಿ ಸತ್ತ! ಸತ್ತ! ಸತ್ತ!"

ನನ್ನ ಬಾಯೊಂದು ಮುಚ್ಚಿತ್ತು. ತಿಪ್ಪಣ್ಣ ಉಸಿರು ತುಂಬಿಕೊಂಡು, ಹಿಂದೆಂದೂ ಕರೆಯದಷ್ಟು ಗೌರವದಿಂದ ಕರೆದ. "ಏಡಿ ಮುದ್ರೆಯ, ಮಹಾಸಮರದ, ಕುಪ್ಪರಸ ಮಹಾರಾಜಾ!"

ಅವರು ಎದ್ದು ನಿಂತರು. ಒಂದು ಮಾತು ಬೇಕಿತ್ತು, ಅಷ್ಟೇ. ಅದನ್ನು ಹೇಳಲೆಂದೇ ಅವರು ಬೆಳಿಗ್ಗೆ ಮನೆಯಿಂದ ಹೊರಟಿದ್ದರು.

"ಬೊಮ್ಮ ಸಾಯಲಿಲ್ಲ" ಅಂದರು.

ಯಾರಿಗೂ ಅರ್ಥವಾಗಲಿಲ್ಲ. ತಿಪ್ಪಣ್ಣ ಇನ್ನೊಮ್ಮೆ ಕರೆಯಲು ಬಾಯಿ ತೆರೆದ. ಅವರು ಕೈ ಅಡ್ಡ ಮಾಡಿದರು.

"ಅವತ್ತು ಬೆಳಿಗ್ಗೆ ಗುಡ್ಡದ ಮೇಲೆ ಸೈನ್ಯ ಕಂಡಿತು. ನಾನು ಕತ್ತಿ ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದೆ. ಹೋರಾಡಬೇಕು ಎಂದೇ ಇದ್ದೆ. ಬೊಮ್ಮ ಬಂದ. ಕೈಯೆಲ್ಲ ಸುಣ್ಣ. ಅವನ ಹೆಂಡತಿ ತುಂಬಿದ ಬಸುರಿ. ನನ್ನ ಎದುರು ನಿಂತು ಕೇಳಿದ, ದೊರೆಯೇ, ಇವತ್ತು ಸಾಯಲೇಬೇಕೇ ಎಂದು. ನಾನು ಬೇಡ ಎಂದೆ. ಬೇಡ ಎಂದ ಮೇಲೆ ಅಗಳಿ ತೆಗೆಯಲೇಬೇಕಾಯಿತು." ಅವರು ಸಮರಭೈರವನ ಕಡೆ ನೋಡಲೂ ಇಲ್ಲ. "ನಾನು ರಾಜನಾಗಿ ಮಾಡಿದ ಕೆಲಸ ಅದೊಂದೇ. ಮುದಿಯಾಗಿ, ಹಲ್ಲು ಬಿದ್ದು, ಮೊಮ್ಮಕ್ಕಳನ್ನು ಬೈಯುತ್ತ ಸತ್ತ ಬೊಮ್ಮ. ಅವನನ್ನು ನೀವು ಇವತ್ತು ಕೊಂದಿರಿ. ಕುಣಿದಿರಿ."

ಮುದಕಪ್ಪ ನೀರಿನವರೆಗೂ ಓಡಿಹೋದ. "ದೊರೀ, ನಿಮ್ಮ ಸಲುವಾಗೇ ಮಾಡಿದ್ವಿ! ನಿಮ್ಮನ್ನ ಉಳಿಸಿಕೊಳ್ಳಾಕ ಮಾಡಿದ್ವಿ! ಇದ್ದೇನಿ ಅಂತ ಒಂದು ಮಾತು ಅನ್ರಿ, ನಿಮ್ಮ ಕಾಲು ಬೀಳತೀನಿ!"

"ಗೊತ್ತು ಮುದಕಪ್ಪ" ಅಂದರು. ಆದರೆ ಆ ಮಾತು ಅನ್ನಲಿಲ್ಲ.

ಆಗ ನಾನು ಮೆಟ್ಟಿಲಿಳಿದು ಹೋಗಿ ಇಡೀ ಊರಿನ ಎದುರು ನಿಂತು ಬೈದೆ. ಯಜಮಾನರನ್ನು ಬೈದೆ, ಹೊಳೆ ಕೆಂಪಾಯಿತು ಎಂದ ಆ ಸುಳ್ಳು ಚಕ್ರವರ್ತಿಯನ್ನು ಬೈದೆ, ನಮ್ಮವರನ್ನು ಎಲ್ಲರಿಗಿಂತ ಹೆಚ್ಚು ಬೈದೆ. "ಅವರು 'ಬ್ಯಾಡ' ಅಂದದ್ದಕ್ಕ ನಿಮ್ಮ ಮೂಗಿನ್ಯಾಗ ಉಸಿರು ಆಡಾಕತ್ತೈತಿ! ನಾಚಿಕಿ ಐತೇನು ನಿಮಗ? ಸತ್ತಾವರ ಲೆಕ್ಕ ಕೇಳಿ ಹೆಣ್ಣು ತರೂ ಊರು ಇದು! ಇಂಥಾ ಊರಿಗೆ ರಾಜರ್ಯಾಕ, ಹೆಣ ಸುಡಾವರು ಸಾಕು!"

ತಿಪ್ಪಣ್ಣ ಯಜಮಾನರ ಮುಖ ನೋಡಿದ. ಯಜಮಾನರು ತಲೆ ಅಲ್ಲಾಡಿಸಿದರು. ಅವನು ಮುಂದಿನ ಹೆಸರು ಕರೆದ. ಜೋಡಿ ಕೊಡಲಿಯ ದೊರೆ ತೊಡೆ ತಟ್ಟಿಕೊಂಡು "ಇದ್ದೇನೆ" ಎಂದು ಗರ್ಜಿಸಿದ. ಈಗ ಅವನೇ ನಮ್ಮ ಓಣಿಯಲ್ಲಿ ಇದ್ದಾನೆ. ಬಿಸಿ ರೊಟ್ಟಿಯೇ ಬೇಕು ಎನ್ನುತ್ತಾನೆ. ನಾನು ತಂಗಳು ಕೊಡುತ್ತೇನೆ. ಅವನು ಬಂದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಸಂಬಂಧಗಳು ತಾವಾಗಿ ಬರುತ್ತಿವೆ. ಬಾಳವ್ವ ಆ ಮೊಸಳೆ ಓಣಿಗೆ ಹೋಗಲಿಲ್ಲ. ಎರಡನೇ ಸಲ ಕೇಳಲು ಬಂದ ಆ ತಾಯಿಯ ಎದುರು ಅವಲಕ್ಕಿ ತಾಟು ಇಡದೆ ಬಾಗಿಲು ತೋರಿಸಿದಳು. ಯಾಕೆ ಎಂದು ನಾನು ಕೇಳಿಲ್ಲ.

ಆದರೆ ಅದೆಲ್ಲ ಆಮೇಲಿನದು. ಅವತ್ತು ನಾನು ಬೈಯುವುದನ್ನು ನಿಲ್ಲಿಸಿ ತಿರುಗಿ ನೋಡುವಷ್ಟರಲ್ಲಿ ಕುಪ್ಪರಸರು ಮೆಟ್ಟಿಲು ಹತ್ತಿ ಮೇಲೆ ಹೋಗಿದ್ದರು. ನಾನು ಸೀರೆ ಎತ್ತಿ ಹಿಡಿದು ಓಡಿದೆ. ಅವರು ಓಣಿಯ ಬಾಯಿಗೆ ಬಂದಿದ್ದರು. ಅದನ್ನು ದಾಟಿದರೆ ಹಳೆಯ ಕೋಟೆಯ ಬಾಗಿಲು, ಅದರಾಚೆ ಗುಡ್ಡದ ಹಾದಿ.

"ದೊರೀ, ಊಟರ ಮಾಡಿ ಹೋಗ್ರಿ! ಪುಂಡಿಪಲ್ಯ ಮಾಡೇನಿ!"

"ಊರಲ್ಲಿ ಈಗ ನನಗೆ ಅನ್ನ ಇಲ್ಲ ಕಾಶವ್ವ."

"ಊರಿಂದಲ್ರಿ, ನಂದು! ನನ್ನ ಮನೀದು! ನನ್ನ ಭಟ್ಟಿ ದುಡಿಮೀದು! ಅದಕ್ಕ ಯಾವ ಪಂಚ ಅಡ್ಡ ಬರತಾನ ನೋಡತೀನಿ!"

ಅವರು ನಿಂತರು. ನನ್ನ ಮುಖ ನೋಡಿ, ಪ್ರೀತಿಯಿಂದಲೇ, "ಬೊಮ್ಮನೂ ಹೀಗೆಯೇ ಕೂಗುತ್ತಿದ್ದ" ಅಂದರು. ಮತ್ತೆ ನಡೆದರು.

ಘಟ್ಟದಿಂದ ಮೊದಲೇ ಓಡಿ ಬಂದಿದ್ದ ನಮ್ಮ ಓಣಿಯ ಮಕ್ಕಳು ಅಲ್ಲಿ ಆಟಕ್ಕೆ ತೊಡಗಿದ್ದವು. ಕೈಯಲ್ಲಿ ಜೋಳದ ದಂಟಿನ ಕತ್ತಿ. ಅವುಗಳಿಗೆ ಹೊಸ ಆಟ ಸಿಕ್ಕಿತ್ತು. "ಬೊಮ್ಮ ಸತ್ತ, ಬೊಮ್ಮ ಸತ್ತ" ಎಂದು ಒಂದು ಗುಂಪು ಕೂಗುತ್ತಿತ್ತು. ಬೊಮ್ಮನಾಗಿದ್ದ ಸಣ್ಣ ಹುಡುಗಿಯೊಬ್ಬಳು ಹಾದಿಯ ನಡುವೆ ಅಂಗಾತ ಬಿದ್ದು, ಕಣ್ಣು ಬಿಗಿಯಾಗಿ ಮುಚ್ಚಿ, ನಗು ತಡೆಯಲಾರದೆ ಹೊಟ್ಟೆ ಕುಣಿಸುತ್ತಿದ್ದಳು.

ಕುಪ್ಪರಸರು ಅವಳ ಹತ್ತಿರ ಬಂದು ನಿಂತರು. ಮಲಗಿದ ಮಕ್ಕಳನ್ನು ದಾಟಬಾರದು, ದಾಟಿದರೆ ಬೆಳೆಯುವುದಿಲ್ಲ ಎನ್ನುತ್ತೇವೆ ನಾವು. ಹಾದಿ ಇಕ್ಕಟ್ಟು. ಅವರು ಧೋತರದ ಅಂಚನ್ನು ಕೈಯಲ್ಲಿ ಎತ್ತಿ ಹಿಡಿದು, ಗೋಡೆಗೆ ಬೆನ್ನು ಒತ್ತಿ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತ ಆ ಹುಡುಗಿಯನ್ನು ಬಳಸಿಕೊಂಡು ಆಚೆ ಹೋದರು. ಕೋಟೆಯ ಬಾಗಿಲು ದಾಟಿದರು. ಗುಡ್ಡದ ಹಾದಿ ಹಿಡಿದರು.

ಅವರು ತಿರುಗಿ ನೋಡಲಿಲ್ಲ. ಆಮೇಲೆ ಎಷ್ಟೋ ಸಲ ಹೊಳೆ ತುಂಬಿ ಇಳಿಯಿತು. ರಾಜರೆಲ್ಲ ಬಂದರು. ಅವರು ಬರಲಿಲ್ಲ.